ಒಂದೇ ತೋಟದ ಮೂರು ಕಲ್ಲುಹೂವು: ಡಿಎನ್‌ಎ ಪರೀಕ್ಷೆ ಗುರುತಿಸುವುದು ಯಾರನ್ನು?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದೊಂದು ಕಾಫಿ ತೋಟವಿದೆ. ಪದವಿ ಓದುತ್ತಿರುವ ಮಗಳು ತನ್ನ ಪ್ರಾಜೆಕ್ಟಿಗೆಂದು ತೋಟದ ಮೂರು ಕಲ್ಲುಹೂವುಗಳನ್ನು ಡಿಎನ್‌ಎ ಪರೀಕ್ಷೆಗೆ ಕಳುಹಿಸಿದ್ದಳು. ಹಲಸಿನ ಮರದ ಮೇಲಿನದೂ ಸಿಲ್ವರ್ ಓಕ್ ಮೇಲಿನದೂ ನಮ್ಮ ಕಣ್ಣಿಗೆ ಒಂದೇ. ಆದರೆ ವರದಿಯಲ್ಲಿ ಮೊದಲನೆಯದು ಪಾರ್ಮೊಟ್ರೀಮ ರೆಟಿಕ್ಯುಲೇಟಮ್ ಎಂದೂ, ಎರಡನೆಯದು ಅದಕ್ಕಿಂತ ನೂರಕ್ಕೆ ಮೂರರಷ್ಟು ಭಿನ್ನವಾದ, ಹೆಸರು ಸಿಗದ ಪಾರ್ಮೊಟ್ರೀಮ ಎಂದೂ ಬಂದಿದೆ. ಕಿತ್ತಳೆ ಗಿಡದ ರೆಂಬೆಯಲ್ಲಿ ಗಡ್ಡದಂತೆ ಜೋತುಬಿದ್ದಿದ್ದ ಮೂರನೆಯದಕ್ಕಂತೂ ಟ್ರೆಬೂಕ್ಸಿಯ ಎಂಬ ಪಾಚಿಯ ಹೆಸರು ಬಂದಿದೆ. ಕಲ್ಲುಹೂವು ಎರಡು ಜೀವಿಗಳ ಕೂಟವಾದರೆ ವರ್ಗೀಕರಣಕ್ಕೆ ನೋಡುವುದು ಯಾವ ಜೀವಿಯ ವಂಶವಾಹಿಯನ್ನು? ಇವು ಎಷ್ಟು ಹಳೆಯ ಜೀವಿಗಳು ಎಂಬುದನ್ನೂ ಈ ವಿಧಾನದಿಂದ ತಿಳಿಯಬಹುದೇ?

ಉತ್ತರ: ನಿಮ್ಮ ಮಗಳಿಗೆ ಬಂದಿರುವ ಮೂರು ಫಲಿತಾಂಶಗಳಲ್ಲಿ ಯಾವುದೂ ಅಸಂಬದ್ಧವಲ್ಲ. ಪಾಚಿಯ ಹೆಸರೂ ಸೇರಿದಂತೆ ಮೂರೂ ಸರಿಯಾಗಿರುವ ಸಾಧ್ಯತೆಯೇ ಹೆಚ್ಚು. ಡಿಎನ್‌ಎ ಓದುವ ಯಂತ್ರ ತನಗೆ ಕೊಟ್ಟ ತುಣುಕನ್ನಷ್ಟೇ ಓದುತ್ತದೆ. ಆ ತುಣುಕು ಯಾವ ಜೀವಿಯದು, ಆ ಜೀವಿಯ ಜಿನೋಮಿನ, ಅಂದರೆ ಒಟ್ಟು ಡಿಎನ್‌ಎಯ, ಯಾವ ಭಾಗದ್ದು, ಅದನ್ನು ಯಾವ ದಾಖಲೆಗಳೊಡನೆ ಹೋಲಿಸಿ ಹೆಸರು ಕೊಟ್ಟರು ಎಂಬುದನ್ನು ತಿಳಿಯದೆ ವರದಿಯಲ್ಲಿರುವ ಹೆಸರಿಗೆ ಅರ್ಥ ಹಚ್ಚಲಾಗದು. ಹಲವು ಜೀವಿಗಳು ಒಂದೇ ಕಾಯದಲ್ಲಿ ಬದುಕುವ ಕಲ್ಲುಹೂವಿನ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಕಲ್ಲುಹೂವು ಒಂದು ಶಿಲೀಂಧ್ರ ಮತ್ತು ಒಂದು ಪಾಚಿಯ ಕೂಟವೆಂದು ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಸೈಮನ್ ಶ್ವೆಂಡನರ್ 1867ರಲ್ಲಿ ಹೇಳಿದಾಗ ಆ ಕಾಲದ ಹಿರಿಯ ಕಲ್ಲುಹೂವು ತಜ್ಞರು ಅದನ್ನು ಒಪ್ಪಲಿಲ್ಲ. ಅದಕ್ಕೆ ಹಿಂದಿನ ಶತಮಾನದಲ್ಲಿ, 1753ರಲ್ಲಿ, ಲಿನೇಯಸ್ ತನಗೆ ಗೊತ್ತಿದ್ದ ಸುಮಾರು 80 ಬಗೆಗಳನ್ನು ಲೈಕೆನ್ ಎಂಬ ಒಂದೇ ಕುಲದಲ್ಲಿ ತುಂಬಿ ಮುಂದೆ ಸಾಗಿದ್ದರು. ಅವರ ಶಿಷ್ಯ ಎರಿಕ್ ಅಕೇರಿಯಸ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅವನ್ನು ಬಿಡಿಸಿ ಕುಲಗಳಾಗಿ ವಿಂಗಡಿಸಿದರು. ಆದರೂ ಅವರೆಲ್ಲರ ಕಣ್ಣಿಗೆ ಕಲ್ಲುಹೂವು ಒಂದೇ ಜೀವಿಯಾಗಿತ್ತು. ಶ್ವೆಂಡನರ್ ಮಾತು ನಿಜವೆಂದು ಸಾಬೀತಾದ ಮೇಲೆ ಹೆಸರು ಯಾರಿಗೆ ಸೇರಬೇಕೆಂಬ ಪ್ರಶ್ನೆ ಎದ್ದಿತು. ಇಂದು ಜಾರಿಯಲ್ಲಿರುವ ಅಂತರರಾಷ್ಟ್ರೀಯ ನಾಮಕರಣ ನಿಯಮದ ಪ್ರಕಾರ ಕಲ್ಲುಹೂವಿಗೆ ಕೊಟ್ಟ ಹೆಸರು ಅದರೊಳಗಿನ ಶಿಲೀಂಧ್ರಕ್ಕೆ ಸೇರುತ್ತದೆ. ಪಾಚಿಗೆ ಅದರದೇ ಬೇರೆ ಹೆಸರಿದೆ.

ಈ ನಿಯಮಕ್ಕೆ ಜೀವವಿಜ್ಞಾನದ ಆಧಾರವೂ ಇದೆ. ಕಲ್ಲುಹೂವು ಕಟ್ಟುವ ಶಿಲೀಂಧ್ರಗಳ ಪ್ರಭೇದಗಳು ಸುಮಾರು 20,000. ಅವುಗಳಲ್ಲಿ ನೂರಕ್ಕೆ 98ರಷ್ಟು, ಚೀಲದಂಥ ಕೋಶಗಳಲ್ಲಿ ಬೀಜಕಗಳನ್ನು ಮಾಡುವ ಆಸ್ಕೋಮೈಸೀಟ್ ಗುಂಪಿನವು. ಅವುಗಳೊಡನೆ ಬಾಳುವ ಪಾಚಿಗಳ ಬಗೆಗಳಾದರೋ ಅದಕ್ಕಿಂತ ಬಹಳ ಕಡಿಮೆ. ಹಸಿರು ಪಾಚಿಗಳಲ್ಲಿ ಟ್ರೆಬೂಕ್ಸಿಯ ಮತ್ತು ಟ್ರೆಂಟಿಪೋಹ್ಲಿಯ, ನೀಲಿ-ಹಸಿರು ಪಾಚಿಗಳಲ್ಲಿ ನಾಸ್ಟಾಕ್ ಎಂಬ ಮೂರು ಕುಲಗಳೇ ಬಹುಪಾಲು ಕಲ್ಲುಹೂವುಗಳಲ್ಲಿ ಸಿಗುತ್ತವೆ. ಮಳೆಗಾಲ ಕಳೆದ ಮೇಲೆ ಮಲೆನಾಡಿನ ಮರದ ಕಾಂಡ, ಹಳೆಯ ಗೋಡೆಗಳ ಮೇಲೆ ಕಾಣುವ ಕಿತ್ತಳೆ ಬಣ್ಣದ ಮಖಮಲ್ಲಿನಂಥ ಪದರ ಹೆಚ್ಚಾಗಿ ಈ ಟ್ರೆಂಟಿಪೋಹ್ಲಿಯವೇ. ಅದು ಶಿಲೀಂಧ್ರದ ಹಂಗಿಲ್ಲದೆಯೂ ಬದುಕಬಲ್ಲದು. ಕಾಯದ ಆಕಾರವನ್ನು ರೂಪಿಸುವುದು, ಬಹುತೇಕ ರಾಸಾಯನಿಕಗಳನ್ನು ತಯಾರಿಸುವುದು, ಬೀಜಕಗಳನ್ನು ಬಿಡುವುದು ಶಿಲೀಂಧ್ರದ ಕೆಲಸ. ನಿಮ್ಮ ಕಡೆಯ ತೋಟಗಳಲ್ಲಿ ಸೊರಗುರೋಗದ ಕಾಟಕ್ಕೆ ಹಿಪ್ಪಲಿಯ ಬೇರುಗಿಡದ ಮೇಲೆ ಕಸಿ ಕಟ್ಟಿದ ಕಾಳುಮೆಣಸಿನ ಬಳ್ಳಿಯನ್ನು ನೆನೆದುಕೊಳ್ಳಿ: ಬಳ್ಳಿಯನ್ನು ಪಣಿಯೂರು ಎಂದೋ ಕರಿಮುಂಡ ಎಂದೋ ಕರೆಯುತ್ತೇವೆ, ಆದರೆ ಕಸಿಯ ಗಂಟಿನ ಕೆಳಗಿನ ತುಂಡನ್ನು ಪರೀಕ್ಷೆಗೆ ಕಳುಹಿಸಿದರೆ ಹಿಪ್ಪಲಿ ಎಂಬ ಉತ್ತರವೇ ಬರುತ್ತದೆ, ಮತ್ತು ಆ ಉತ್ತರ ಸುಳ್ಳಲ್ಲ.

ಮೂರನೆಯ ಮಾದರಿಯಲ್ಲಿ ಆಗಿರುವುದು ಬಹುಶಃ ಇದೇ. ಗಡ್ಡದಂತೆ ಜೋಲುವ, ಎಳೆದಾಗ ನಡುವೆ ಬಿಳಿಯ ರಬ್ಬರಿನಂಥ ಎಳೆ ಕಾಣುವ ಕಲ್ಲುಹೂವಾಗಿದ್ದರೆ ಅದು ಅಸ್ನಿಯ ಕುಲದ್ದು. ಆ ಎಳೆ ಇದೆಯೇ ಎಂದು ಮಗಳು ಕೂಡಲೇ ನೋಡಬಹುದು. ಅಸ್ನಿಯದ ಪಾಚಿ ಟ್ರೆಬೂಕ್ಸಿಯವೇ. ಪರೀಕ್ಷೆಗೆ ಬಳಸುವ ಐಟಿಎಸ್ ಎಂಬ ಭಾಗ ಶಿಲೀಂಧ್ರದಲ್ಲಿಯೂ ಇದೆ, ಹಸಿರು ಪಾಚಿಯಲ್ಲಿಯೂ ಇದೆ, ಅವು ಕುಳಿತ ಕಿತ್ತಳೆ ಗಿಡದಲ್ಲಿಯೂ ಇದೆ. ಪಿಸಿಆರ್ ಎಂಬ ಕ್ರಿಯೆಯಲ್ಲಿ ಆ ಭಾಗವನ್ನು ಕೋಟಿಗಟ್ಟಲೆ ಪ್ರತಿ ಮಾಡುವಾಗ ಆರಂಭದ ಗುರುತಾಗಿ ಸಣ್ಣ ಡಿಎನ್‌ಎ ತುಣುಕುಗಳನ್ನು, ಅಂದರೆ ಪ್ರೈಮರುಗಳನ್ನು, ಬಳಸುತ್ತಾರೆ. 1990ರಲ್ಲಿ ಪ್ರಕಟವಾದ ಸಾಮಾನ್ಯ ಪ್ರೈಮರುಗಳು ಶಿಲೀಂಧ್ರ, ಪಾಚಿ, ಗಿಡ ಎಂಬ ಭೇದವಿಲ್ಲದೆ ಐಟಿಎಸ್ ಭಾಗಕ್ಕೆ ಅಂಟಬಲ್ಲವು. 1993ರಲ್ಲಿ ಶಿಲೀಂಧ್ರಗಳಿಗೇ ಒಗ್ಗುವ ಪ್ರೈಮರ್ ಬಂದ ಮೇಲೆ ಕಲ್ಲುಹೂವು ಸಂಶೋಧಕರ ಕೆಲಸ ಹಗುರವಾಯಿತು. ಸಾಮಾನ್ಯ ಪ್ರೈಮರ್ ಬಳಸಿ, ಹಸಿರು ಪದರ ಹೆಚ್ಚಿರುವ ತುಂಡನ್ನು ಅರೆದಿದ್ದರೆ ಪಾಚಿಯ ಪ್ರತಿಗಳೇ ಮೇಲುಗೈ ಪಡೆಯುತ್ತವೆ. ಆ ಫಲಿತಾಂಶವನ್ನು ಎಸೆಯಬೇಡಿರೆಂದು ಮಗಳಿಗೆ ಹೇಳಿ. ಮೂಡಿಗೆರೆಯ ಅಸ್ನಿಯ ಯಾವ ಟ್ರೆಬೂಕ್ಸಿಯವನ್ನು ಇಟ್ಟುಕೊಂಡಿದೆ ಎಂಬುದೂ ಒಂದು ಒಳ್ಳೆಯ ಮಾಹಿತಿ. ಅದೇ ಮಾದರಿಯಿಂದ ತೆಗೆದ ಡಿಎನ್‌ಎಯನ್ನು ಶಿಲೀಂಧ್ರದ ಪ್ರೈಮರ್ ಬಳಸಿ ಇನ್ನೊಮ್ಮೆ ಓದಿಸಿದರೆ ಅಸ್ನಿಯದ ಉತ್ತರವೂ ಸಿಗುತ್ತದೆ.

ಇಲ್ಲಿ ಇನ್ನೊಂದು ಅಪಾಯವನ್ನೂ ಹೇಳಬೇಕು. ಕಲ್ಲುಹೂವಿನ ಮೇಲೆ ಪರಾವಲಂಬಿಗಳಾಗಿ ಬದುಕುವ ಶಿಲೀಂಧ್ರಗಳಿವೆ, ಒಳಗೆ ಸದ್ದಿಲ್ಲದೆ ಇರುವ ಬೇರೆ ಶಿಲೀಂಧ್ರಗಳೂ ಇವೆ. ಶಿಲೀಂಧ್ರಕ್ಕೇ ಒಗ್ಗುವ ಪ್ರೈಮರ್ ಬಳಸಿದರೂ ಇವುಗಳ ಡಿಎನ್‌ಎ ಬರಬಹುದು. ಆದ್ದರಿಂದ ಸೂಕ್ಷ್ಮದರ್ಶಕದಡಿ ನೋಡಿ, ಕಲೆಯಿಲ್ಲದ ಎಳೆಯ ಅಂಚಿನ ತುಂಡನ್ನೋ, ಬೀಜಕ ಬಿಡುವ ಬಟ್ಟಲಿನಾಕಾರದ ಫಲಕಾಯವನ್ನೋ ಆರಿಸಿಕೊಳ್ಳುತ್ತಾರೆ. ಕಲ್ಲುಹೂವಿನ ಆಮ್ಲಗಳೂ ಅಂಟುಸಕ್ಕರೆಗಳೂ ಪಿಸಿಆರ್ ಕ್ರಿಯೆಗೆ ಅಡ್ಡಬರುವುದರಿಂದ ಡಿಎನ್‌ಎಯನ್ನು ತೊಳೆದು ಶುದ್ಧ ಮಾಡುವ ಹಂತದಲ್ಲಿ ಅವಸರ ಸಲ್ಲದು.

ಈಗ ಮೊದಲ ಎರಡು ಮಾದರಿಗಳಿಗೆ ಬರೋಣ. ಐಟಿಎಸ್ ಭಾಗ ಈ ಶಿಲೀಂಧ್ರಗಳಲ್ಲಿ ಸುಮಾರು 500ರಿಂದ 600 ಬೇಸ್ ಜೋಡಿಗಳಷ್ಟು, ಅಂದರೆ ಡಿಎನ್‌ಎಯ ಅಷ್ಟು ಅಕ್ಷರಗಳಷ್ಟು, ಉದ್ದವಿರುತ್ತದೆ. ಪ್ರೋಟೀನು ತಯಾರಿಸುವ ರೈಬೋಸೋಮಿನ ವಂಶವಾಹಿಗಳ ನಡುವೆ ಇರುವ ಈ ಭಾಗಕ್ಕೆ ಯಾವ ಪ್ರೋಟೀನನ್ನೂ ರೂಪಿಸುವ ಹೊಣೆಯಿಲ್ಲದ ಕಾರಣ ಅದರಲ್ಲಿ ಬದಲಾವಣೆಗಳು ಬೇಗ ಉಳಿದುಕೊಳ್ಳುತ್ತವೆ. ಹೀಗಾಗಿ ಹತ್ತಿರದ ಪ್ರಭೇದಗಳ ನಡುವೆಯೂ ವ್ಯತ್ಯಾಸ ಕಾಣುತ್ತದೆ. ಒಂದೊಂದು ಜೀವಕೋಶದಲ್ಲಿಯೂ ಅದರ ಹಲವಾರು ಪ್ರತಿಗಳಿರುವುದರಿಂದ ಸ್ವಲ್ಪವೇ ಮಾದರಿಯಿಂದಲೂ ಅದನ್ನು ಪಡೆಯಬಹುದು. ಈ ಅನುಕೂಲಗಳಿಂದಾಗಿಯೇ 2012ರಲ್ಲಿ ಅದನ್ನು ಶಿಲೀಂಧ್ರಗಳ ಸಾರ್ವತ್ರಿಕ ಬಾರ್‌ಕೋಡ್, ಅಂದರೆ ಪ್ರಭೇದ ಗುರುತಿಸುವ ಡಿಎನ್‌ಎ ತುಣುಕು, ಎಂದು ಒಪ್ಪಲಾಯಿತು. ನಿಮ್ಮ ಎರಡೂ ಮಾದರಿಗಳು ಸೇರುವ ಪಾರ್ಮೀಲಿಯೇಸಿ ಕುಟುಂಬದಲ್ಲಿ ಒಂದೇ ಪ್ರಭೇದದ ಒಳಗಿನ ವ್ಯತ್ಯಾಸಕ್ಕೂ ಎರಡು ಪ್ರಭೇದಗಳ ನಡುವಿನ ವ್ಯತ್ಯಾಸಕ್ಕೂ ಗಡಿಯಾಗಿ ನೂರಕ್ಕೆ ಸುಮಾರು 1.5ರಿಂದ 1.7ರ ಅಂತರವನ್ನು 2010ರ ಒಂದು ಅಧ್ಯಯನ ಸೂಚಿಸಿತು. ನಿಮ್ಮ ವರದಿಯ ಮೂರರ ಅಂತರ ಅದಕ್ಕಿಂತ ದೊಡ್ಡದು. ಆದ್ದರಿಂದ ಹಲಸಿನ ಮೇಲಿನದೂ ಸಿಲ್ವರ್ ಓಕ್ ಮೇಲಿನದೂ ಬೇರೆ ಪ್ರಭೇದಗಳೆಂದು ಊಹಿಸಲು ಕಾರಣವಿದೆ. ಊಹೆ ಎಂದೇ ಹೇಳುತ್ತಿದ್ದೇನೆ, ಏಕೆಂದರೆ ಈ ಗಡಿ ಆ ಕುಟುಂಬದಲ್ಲಿ ಅಳೆದು ಕಂಡ ಒಂದು ಸರಾಸರಿ ಮಾರ್ಗದರ್ಶಿ ಮಾತ್ರ; ಪ್ರಕೃತಿ ಅದನ್ನು ಎಲ್ಲ ಕಡೆಯೂ ಪಾಲಿಸಬೇಕೆಂದಿಲ್ಲ.

ಊಹೆಯನ್ನು ಗಟ್ಟಿಮಾಡಿಕೊಳ್ಳಲು ಮತ್ತೆ ಮಾದರಿಯ ಬಳಿಗೇ ಹೋಗಬೇಕು. ಪಾರ್ಮೊಟ್ರೀಮ ರೆಟಿಕ್ಯುಲೇಟಮ್‌ನ ಮೇಲ್ಮೈಯಲ್ಲಿ, ಭೂತಗನ್ನಡಿಯಲ್ಲಿ ನೋಡಿದರೆ, ಬಿಳಿಯ ಸಣ್ಣ ಗೆರೆಗಳ ಬಲೆ ಕಾಣುತ್ತದೆ; ಅಂಚಿನ ಬಳಿ ಶಿಲೀಂಧ್ರವೂ ಪಾಚಿಯೂ ಕೂಡಿರುವ ಪುಡಿಪುಡಿಯಾದ ಸೊರೀಡಿಯಗಳಿರುತ್ತವೆ; ಒಳಗಿನ ಬಿಳಿಯ ಪದರಕ್ಕೆ ಪೊಟಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿ ಬಿಟ್ಟರೆ ಮೊದಲು ಹಳದಿ, ಆಮೇಲೆ ಕೆಂಪು ಆಗುತ್ತದೆ. ಅದು ಸಲಾಜಿನಿಕ್ ಆಮ್ಲದ ಗುರುತು. ನಮ್ಮ ಘಟ್ಟಗಳಲ್ಲಿ ಸಾಮಾನ್ಯವಾದ ಇನ್ನೊಂದು ಅಗಲ ಹಾಳೆಯ ಪ್ರಭೇದ ಪಾರ್ಮೊಟ್ರೀಮ ಟಿಂಕ್ಟೋರಮ್. ಅದರಲ್ಲಿ ಪುಡಿಯ ಬದಲು ಐಸಿಡಿಯ ಎಂಬ ಸಣ್ಣ ಮೊಳೆಗಳಿರುತ್ತವೆ. ಲೆಕನೊರಿಕ್ ಆಮ್ಲವಿರುವುದರಿಂದ ಬ್ಲೀಚಿಂಗ್ ದ್ರಾವಣ ತಗುಲಿದೊಡನೆ ಒಳಪದರ ಕೆಂಪಾಗುತ್ತದೆ. ವಿಲಿಯಂ ನೈಲಾಂಡರ್ 1866ರಲ್ಲಿ ಆರಂಭಿಸಿದ ಈ ಹನಿ ಪರೀಕ್ಷೆಗಳು ಇಂದಿಗೂ ಹಳತಾಗಿಲ್ಲ, ಮತ್ತು ಕಾಲೇಜಿನ ಪ್ರಯೋಗಾಲಯದಲ್ಲಿಯೇ ಆಗುವಂಥವು. ಎರಡು ಮಾದರಿಗಳ ಡಿಎನ್‌ಎ ಬೇರೆಯಾಗಿ, ಹನಿ ಪರೀಕ್ಷೆಯ ಉತ್ತರವೂ ಬೇರೆಯಾದರೆ ಎರಡನೆಯದನ್ನು ಬೇರೆ ಪ್ರಭೇದವೆನ್ನಲು ಗಟ್ಟಿ ಆಧಾರ ಸಿಕ್ಕಂತೆ. ರೂಪ, ರಸಾಯನ ಎರಡೂ ಒಂದೇ ಆಗಿ ಡಿಎನ್‌ಎ ಮಾತ್ರ ಬೇರೆಯಾದರೆ ಪ್ರಶ್ನೆ ಇನ್ನಷ್ಟು ಸ್ವಾರಸ್ಯಕರವಾಗುತ್ತದೆ.

ಅದಕ್ಕೆ ಕಾರಣವಿದೆ. ರೆಟಿಕ್ಯುಲೇಟಮ್ ಎಂಬ ಹೆಸರನ್ನು 1836ರಲ್ಲಿ ಮೊದಲು ಕೊಟ್ಟದ್ದು ಐರ್ಲೆಂಡಿನಲ್ಲಿ ಸಿಕ್ಕ ಮಾದರಿಗೆ. ಆಮೇಲೆ ಉಷ್ಣವಲಯದಿಂದ ಸಮಶೀತೋಷ್ಣದವರೆಗೆ, ಖಂಡಖಂಡಗಳಲ್ಲಿ, ಬಲೆಯಂಥ ಗೆರೆಗಳೂ ಸಲಾಜಿನಿಕ್ ಆಮ್ಲವೂ ಇರುವ ಎಲ್ಲವನ್ನೂ ಆ ಹೆಸರಿನಲ್ಲಿಯೇ ಬರೆದಿಟ್ಟರು. ಬೇರೆ ಬೇರೆ ದೇಶಗಳ ಮಾದರಿಗಳ ಡಿಎನ್‌ಎ ಹೋಲಿಸಿದಾಗ ಈ ಒಂದು ಹೆಸರಿನಡಿ ಹಲವು ಪ್ರತ್ಯೇಕ ಶಾಖೆಗಳಿವೆ ಎಂದು ಗೊತ್ತಾಯಿತು. ಹೀಗಿರುವಾಗ ನಿಮ್ಮ ಹಲಸಿನ ಮರದ ಕಲ್ಲುಹೂವೂ ಐರ್ಲೆಂಡಿನದೂ ನಿಜಕ್ಕೂ ಒಂದೇ ಪ್ರಭೇದವೇ ಎಂಬ ಪ್ರಶ್ನೆಯನ್ನು ಕೇಳಲೇಬೇಕು. ವರದಿಯಲ್ಲಿ ಬಂದ ಹೆಸರು ದತ್ತಸಂಚಯದಲ್ಲಿ ಯಾರೋ ಆ ಹೆಸರಿನಲ್ಲಿ ಸೇರಿಸಿದ ಸರಣಿಗೆ (ಓದಿದ ಡಿಎನ್‌ಎ ಅಕ್ಷರಗಳ ಸಾಲಿಗೆ) ನಿಮ್ಮದು ಹತ್ತಿರವಿದೆ ಎಂಬುದನ್ನಷ್ಟೇ ಹೇಳುತ್ತದೆ. ಅದನ್ನು ಸೇರಿಸಿದವರು ಮಾದರಿಯನ್ನು ಸರಿಯಾಗಿ ಗುರುತಿಸಿದ್ದರೇ ಎಂಬ ಹೊಣೆಯನ್ನು ಯಂತ್ರ ಹೊರುವುದಿಲ್ಲ. ಪಶ್ಚಿಮ ಘಟ್ಟದ ಎಷ್ಟೋ ಪ್ರಭೇದಗಳಿಗೆ ನಂಬಬಹುದಾದ ಉಲ್ಲೇಖ ಸರಣಿಗಳೇ ಇಲ್ಲದಿರುವಾಗ ಎರಡನೆಯ ಮಾದರಿಗೆ ಹೆಸರು ಸಿಗದಿರುವುದು ಅಚ್ಚರಿಯಲ್ಲ, ಮತ್ತು ಅದು ಹೊಸ ಪ್ರಭೇದವೆಂಬುದಕ್ಕೆ ಪುರಾವೆಯೂ ಅಲ್ಲ.

ರೂಪವನ್ನು ನೋಡಿ ಕಟ್ಟಿದ ವರ್ಗೀಕರಣವನ್ನು ಡಿಎನ್‌ಎ ಎಷ್ಟರಮಟ್ಟಿಗೆ ಬದಲಿಸಿದೆ ಎಂದರೆ, ಮೂವತ್ತು ವರ್ಷಗಳ ಹಿಂದಿನ ಪಠ್ಯಗಳಲ್ಲಿ ಇದೇ ರೆಟಿಕ್ಯುಲೇಟಮ್ ರಿಮೀಲಿಯ ಎಂಬ ಬೇರೆ ಕುಲದಲ್ಲಿತ್ತು. ಬಲೆಯಂಥ ಗೆರೆಗಳು ಒಂದು ಕುಲವನ್ನೇ ಬೇರ್ಪಡಿಸುವಷ್ಟು ಮುಖ್ಯವೆಂದು ಆಗ ನಂಬಿದ್ದರು. 2005ರಲ್ಲಿ ವಂಶವೃಕ್ಷ ಕಟ್ಟಿ ನೋಡಿದಾಗ ಅದು ಪಾರ್ಮೊಟ್ರೀಮದ ಕೊಂಬೆಗಳ ನಡುವೆಯೇ ಇತ್ತು, ಹಾಗಾಗಿ ರಿಮೀಲಿಯವನ್ನು ಪಾರ್ಮೊಟ್ರೀಮದಲ್ಲಿ ಸೇರಿಸಿದರು. ನಿಮ್ಮ ಅಡಿಕೆ ಮರಗಳ ನಯವಾದ ಕಾಂಡದ ಮೇಲೆ ಕರಿಯ ಸಣ್ಣ ಬರಹದಂತೆ ಕಾಣುವ ಗ್ರಾಫಿಡೇಸಿ ಕುಟುಂಬದ್ದೂ ಇಂಥದೇ ಕಥೆ. ಫಲಕಾಯ ಗೆರೆಯಂತಿದ್ದರೆ ಗ್ರಾಫಿಡೇಸಿ, ದುಂಡಗಿನ ಗುಳಿಯಂತಿದ್ದರೆ ಥೆಲೊಟ್ರೆಮಟೇಸಿ ಎಂದು ಶತಮಾನದಷ್ಟು ಕಾಲ ಎರಡು ಕುಟುಂಬಗಳನ್ನು ಪಾಲಿಸಿಕೊಂಡು ಬಂದಿದ್ದರು. ಗೆರೆ ಮತ್ತು ಗುಳಿ ಎರಡೂ ಆ ವಂಶದಲ್ಲಿ ಮತ್ತೆ ಮತ್ತೆ ಮೂಡಿದ ರೂಪಗಳೆಂದು ಡಿಎನ್‌ಎ ತೋರಿಸಿದ ಮೇಲೆ ಎರಡೂ ಒಂದಾದವು.

ಡಿಎನ್‌ಎ ಇದಕ್ಕೆ ವಿರುದ್ಧವಾಗಿ ಒಂದನ್ನು ಹಲವಾಗಿಸಿದ ಉದಾಹರಣೆಗಳಲ್ಲಿ ದಕ್ಷಿಣ ಅಮೆರಿಕದ ಕೋರ ಎಲ್ಲಕ್ಕಿಂತ ದೊಡ್ಡದು. ಆಸ್ಕೋಮೈಸೀಟ್ ಅಲ್ಲದ, ಅಣಬೆಗಳ ಬಳಗಕ್ಕೆ ಸೇರಿದ ಶಿಲೀಂಧ್ರ ಕಟ್ಟುವ ಈ ಕಲ್ಲುಹೂವನ್ನು ಬಹುಕಾಲ ಒಂದೇ ಪ್ರಭೇದವೆಂದು ತಿಳಿದಿದ್ದರು; 2014ರಲ್ಲಿ ಐಟಿಎಸ್ ಸರಣಿಗಳ ಆಧಾರದಿಂದ ಅದರಲ್ಲಿ ಕನಿಷ್ಠ 126 ಪ್ರಭೇದಗಳಿವೆ ಎಂದು ತೋರಿಸಿದರು, ಮತ್ತು ನಾನೂರಕ್ಕೂ ಹೆಚ್ಚು ಇರಬಹುದೆಂದು ಲೆಕ್ಕ ಹಾಕಿದರು. ಹೀಗೆ ಬೇರೆಯೆಂದು ಗೊತ್ತಾದ ಮೇಲೆ ತಿರುಗಿ ನೋಡಿದಾಗ ಬಣ್ಣ, ಅಂಚು, ನೆಲೆಗಳಲ್ಲಿ ವ್ಯತ್ಯಾಸಗಳು ಕಂಡವು. ನನ್ನ ದೃಷ್ಟಿಯಲ್ಲಿ ಡಿಎನ್‌ಎಯ ದೊಡ್ಡ ಉಪಕಾರ ಇದು: ಯಾವ ಲಕ್ಷಣವನ್ನು ನೋಡಬೇಕೆಂಬುದನ್ನು ಅದು ಕಣ್ಣಿಗೆ ಕಲಿಸುತ್ತದೆ.

ಕಣ್ಣಿಗೆ ಪೂರ್ತಿ ಬೇರೆಯಾಗಿ ಕಂಡದ್ದು ಒಂದೇ ಆದ ಸಂದರ್ಭವೂ ಇದೆ. ಸ್ಟಿಕ್ಟ ಕುಲದ ಕೆಲವು ಶಿಲೀಂಧ್ರಗಳು ಹಸಿರು ಪಾಚಿಯ ಜೊತೆ ಸೇರಿದಾಗ ಅಗಲವಾದ ಹಸಿರು ಹಾಳೆಯಾಗುತ್ತವೆ. ನೀಲಿ-ಹಸಿರು ಪಾಚಿಯ ಜೊತೆ ಸೇರಿದಾಗ ಕಂದು ಬಣ್ಣದ ಪುಟ್ಟ ಪೊದೆಯಾಗುತ್ತವೆ. ಆ ಪೊದೆಗೆ ಡೆಂಡ್ರಿಸ್ಕೊಕಾಲಾನ್ ಎಂಬ ಬೇರೆಯದೇ ಕುಲದ ಹೆಸರಿತ್ತು. 1991ರಲ್ಲಿ ಎರಡರ ಡಿಎನ್‌ಎಯನ್ನೂ ನೋಡಿ ಶಿಲೀಂಧ್ರ ಒಂದೇ ಎಂದು ತೋರಿಸಿದರು. ಹೆಸರು ಶಿಲೀಂಧ್ರದ್ದು ಎಂಬ ನಿಯಮವನ್ನು ಪಾಲಿಸಿದರೆ ಈ ಎರಡು ರೂಪಗಳಿಗೆ ಎರಡು ಹೆಸರು ಇರುವಂತಿಲ್ಲ.

ಆದರೆ ಐಟಿಎಸ್ ಒಂದನ್ನೇ ನಂಬಿ ಪ್ರಭೇದಗಳನ್ನು ಕೂಡಿಸುವುದಾಗಲಿ ಒಡೆಯುವುದಾಗಲಿ ಸರಿಯಲ್ಲ. ಯೂರೋಪಿನ ಅಸ್ನಿಯ ಫ್ಲೋರಿಡ ಬಟ್ಟಲು ಬಿಟ್ಟು ಬೀಜಕಗಳಿಂದ ಹರಡುತ್ತದೆ, ಅಸ್ನಿಯ ಸಬ್‌ಫ್ಲೋರಿಡಾನ ಪುಡಿ ಮತ್ತು ಮೊಳೆಗಳಿಂದ ಹರಡುತ್ತದೆ; 2002ರಲ್ಲಿ ಎರಡು ವಂಶವಾಹಿಗಳನ್ನು ಹೋಲಿಸಿದಾಗ ಇವೆರಡನ್ನು ಬೇರ್ಪಡಿಸಲು ಆಗಲಿಲ್ಲ. ಅಂಟಾರ್ಕ್ಟಿಕದಲ್ಲಿಯೂ ಇಂಥದೇ ಒಂದು ಅಸ್ನಿಯ ಜೋಡಿಯಿದೆ. ಕೆಲವೇ ವಂಶವಾಹಿಗಳನ್ನು ನೋಡಿದಾಗ ಅವೂ ಒಂದೇ ಎನಿಸಿದ್ದವು, ಆದರೆ 2018ರಲ್ಲಿ ಜಿನೋಮಿನ ಉದ್ದಕ್ಕೂ ಸಾವಿರಾರು ಸ್ಥಾನಗಳನ್ನು ಓದುವ ವಿಧಾನ ಬಳಸಿದಾಗ ಎರಡೂ ಸ್ಪಷ್ಟವಾಗಿ ಬೇರೆಯಾದವು. ಎರಡು ಪ್ರಭೇದಗಳು ಈಚೆಗಷ್ಟೇ ಕವಲೊಡೆದಿದ್ದರೆ ಪೂರ್ವಜನಲ್ಲಿದ್ದ ವಂಶವಾಹಿಯ ಹಲವು ರೂಪಗಳು ಎರಡರಲ್ಲಿಯೂ ಬೆರೆತೇ ಉಳಿದಿರುತ್ತವೆ. ಆಗ ಒಂದು ವಂಶವಾಹಿಯ ವೃಕ್ಷಕ್ಕೂ ಪ್ರಭೇದಗಳ ನಿಜವಾದ ವೃಕ್ಷಕ್ಕೂ ಹೊಂದಾಣಿಕೆ ಇರುವುದಿಲ್ಲ. ಅದಕ್ಕಾಗಿಯೇ ಗಂಭೀರ ಅಧ್ಯಯನಗಳಲ್ಲಿ ಐಟಿಎಸ್ ಜೊತೆಗೆ ಮೈಟೊಕಾಂಡ್ರಿಯದ ರೈಬೋಸೋಮಿನ ಭಾಗ, ಆರ್‌ಪಿಬಿ1 ಮತ್ತು ಎಂಸಿಎಂ7 ಮುಂತಾದ ಪ್ರೋಟೀನ್ ವಂಶವಾಹಿಗಳನ್ನೂ ಓದಿ, ಎಲ್ಲವೂ ಒಂದೇ ಕಡೆ ಬೆರಳು ತೋರಿಸುತ್ತವೆಯೇ ಎಂದು ನೋಡುತ್ತಾರೆ. ಲೆಕ್ಕದ ಕೆಲವು ವಿಧಾನಗಳು ಒಂದೇ ಪ್ರಭೇದದ ದೂರದ ಊರುಗಳ ಗುಂಪುಗಳನ್ನೂ ಬೇರೆ ಪ್ರಭೇದಗಳೆಂದು ಒಡೆದುಬಿಡುತ್ತವೆ ಎಂಬ ಟೀಕೆಯೂ ಇದೆ; ಆ ಟೀಕೆಯನ್ನು ನಾನು ಒಪ್ಪುತ್ತೇನೆ. ಮುಳ್ಳಯ್ಯನಗಿರಿಯ ನೆತ್ತಿಯ ಮಾದರಿಯನ್ನೂ ಬಿಸಿಲೆ ಘಾಟಿಯ ಮಾದರಿಯನ್ನೂ ಮಾತ್ರ ಓದಿ, ನಡುವಿನ ಊರುಗಳಿಂದ ಏನನ್ನೂ ಓದದೆ, ಕಂಡ ಅಂತರವನ್ನು ಪ್ರಭೇದದ ಗಡಿಯೆಂದು ಘೋಷಿಸುವುದು ಆತುರದ ಕೆಲಸ.

ನಿಮ್ಮ ಕೊನೆಯ ಪ್ರಶ್ನೆ ಪ್ರಾಚೀನತೆಯದು. ಕಲ್ಲುಹೂವುಗಳೆಲ್ಲ ಒಬ್ಬ ಪೂರ್ವಜನಿಂದ ಬಂದವಲ್ಲ ಎಂಬುದು ಈ ವಿಷಯದಲ್ಲಿ ಮೊದಲು ತಿಳಿಯಬೇಕಾದ ಸಂಗತಿ. 1995ರಲ್ಲಿ ರೈಬೋಸೋಮಿನ ಒಂದು ವಂಶವಾಹಿಯನ್ನು ಆಧರಿಸಿ ಶಿಲೀಂಧ್ರಗಳ ವೃಕ್ಷ ಕಟ್ಟಿದಾಗ ಪಾಚಿಯೊಡನೆ ಬಾಳುವ ಪದ್ಧತಿ ಕನಿಷ್ಠ ಐದು ಬಾರಿ ಪ್ರತ್ಯೇಕವಾಗಿ ಹುಟ್ಟಿದೆ ಎಂದು ಕಂಡಿತು. 2001ರಲ್ಲಿ ಬಂದ ಇನ್ನೊಂದು ಅಧ್ಯಯನ ಇದಕ್ಕೆ ಬೇರೊಂದು ತಿರುವು ಕೊಟ್ಟಿತು: ಹುಟ್ಟಿದ್ದು ಕೆಲವೇ ಬಾರಿ, ಕಳೆದುಹೋದದ್ದು ಹಲವು ಬಾರಿ, ಪೆನಿಸಿಲಿಯಂನಂಥ ಬೂಷ್ಟುಗಳ ಪೂರ್ವಜರೂ ಒಂದು ಕಾಲಕ್ಕೆ ಕಲ್ಲುಹೂವು ಕಟ್ಟುತ್ತಿದ್ದವು ಎಂದು ಅದು ವಾದಿಸಿತು. ಆಮೇಲಿನ ದೊಡ್ಡ ವೃಕ್ಷಗಳಲ್ಲಿ ಈ ವಾದ ಅಷ್ಟೇ ಗಟ್ಟಿಯಾಗಿ ನಿಲ್ಲಲಿಲ್ಲ, ಹಲವು ಬಾರಿ ಹುಟ್ಟಿತೆಂಬ ಚಿತ್ರವೇ ಮತ್ತೆ ಬಲಗೊಂಡಿದೆ. ಇಂಥ ಮತಭೇದಕ್ಕೆ ಕಾರಣ ಸರಳ: ಪೂರ್ವಜನ ಬದುಕಿನ ರೀತಿಯನ್ನು ನಾವು ಇಂದಿನ ಜೀವಿಗಳಿಂದ ಹಿಂದಕ್ಕೆ ಲೆಕ್ಕ ಹಾಕುತ್ತೇವೆ, ಮತ್ತು ಗಳಿಸುವುದು ಸುಲಭವೋ ಕಳೆದುಕೊಳ್ಳುವುದು ಸುಲಭವೋ ಎಂಬ ನಮ್ಮ ಎಣಿಕೆ ಬದಲಾದರೆ ಉತ್ತರವೂ ಬದಲಾಗುತ್ತದೆ.

ಕಾಲವನ್ನು ಅಳೆಯಲು ಡಿಎನ್‌ಎ ಒಂದೇ ಸಾಲದು. ಸರಣಿಗಳಲ್ಲಿನ ವ್ಯತ್ಯಾಸ ವರ್ಷಗಳನ್ನು ಹೇಳುವುದಿಲ್ಲ. ಎಷ್ಟು ವರ್ಷಕ್ಕೆ ಎಷ್ಟು ಬದಲಾವಣೆ ಎಂಬ ವೇಗವನ್ನು ಪಳೆಯುಳಿಕೆಯಿಂದ ಕಂಡುಕೊಳ್ಳಬೇಕು. ಕಲ್ಲುಹೂವಿನ ಪಳೆಯುಳಿಕೆಗಳು ತೀರ ವಿರಳ. ಇಂದಿನ ಕಲ್ಲುಹೂವಿನಂತೆಯೇ ಪದರಗಳಿರುವ, ಸಾಕಷ್ಟು ಖಚಿತವಾದ ಹಳೆಯ ಪಳೆಯುಳಿಕೆಗಳು ಬ್ರಿಟನ್ನಿನ ವೇಲ್ಸ್ ಗಡಿಯಲ್ಲಿ ಸಿಕ್ಕಿವೆ; ಅವುಗಳ ವಯಸ್ಸು ಸುಮಾರು 41.5 ಕೋಟಿ ವರ್ಷ. ಪಾರ್ಮೀಲಿಯೇಸಿಗೆ ಸೇರಿದವು ಬಾಲ್ಟಿಕ್ ಮತ್ತು ಡೊಮಿನಿಕನ್ ಶಿಲಾರಾಳದಲ್ಲಿ (ಕಲ್ಲಾದ ಮರದ ಅಂಟಿನಲ್ಲಿ) ಹುದುಗಿ ಉಳಿದಿವೆ. ಇಂಥ ಕೆಲವೇ ಬಿಂದುಗಳ ಮೇಲೆ ಇಡೀ ಕಾಲಗಣನೆ ನಿಂತಿರುವುದರಿಂದ ಫಲಿತಾಂಶದಲ್ಲಿ ಕೋಟಿಗಟ್ಟಲೆ ವರ್ಷಗಳ ಅನಿಶ್ಚಿತತೆ ಇರುತ್ತದೆ. ಜೊತೆಗೆ, ಪಾಚಿಯ ಸಹವಾಸಕ್ಕೆ ಬಿದ್ದ ಕೆಲವು ಶಿಲೀಂಧ್ರ ಶಾಖೆಗಳಲ್ಲಿ ಡಿಎನ್‌ಎ ಬದಲಾವಣೆಯ ವೇಗವೇ ಹೆಚ್ಚಾಗಿದೆ ಎಂದು 1997ರಲ್ಲಿ ಕಂಡುಬಂದಿದೆ. ಎಲ್ಲ ಶಾಖೆಗಳಿಗೂ ಒಂದೇ ವೇಗವೆಂದು ಹಿಡಿದರೆ ವಯಸ್ಸು ತಪ್ಪುತ್ತದೆ.

ಇಷ್ಟೆಲ್ಲ ಎಚ್ಚರಗಳ ನಡುವೆಯೂ ಒಂದು ಹಳೆಯ ನಂಬಿಕೆ ಬಿದ್ದುಹೋಗಿದೆ. ಬರಿಯ ಬಂಡೆಯ ಮೇಲೆ ಮೊದಲು ಬರುವುದು ಕಲ್ಲುಹೂವು, ಆಮೇಲೆ ಪಾಚಿಗಿಡ, ಆಮೇಲೆ ಹುಲ್ಲು ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಶ್ರವಣಬೆಳಗೊಳದ ಬೆಟ್ಟದ ಬಂಡೆಯನ್ನು ನೋಡಿದರೆ ಅದು ನಿಜವೆಂದೇ ತೋರುತ್ತದೆ. ಅದೇ ಕ್ರಮವನ್ನು ಭೂಮಿಯ ಇತಿಹಾಸಕ್ಕೂ ಹಚ್ಚಿ, ಗಿಡಮರಗಳು ನೆಲಕ್ಕೆ ಬರುವ ಮುನ್ನ ಕಲ್ಲುಹೂವುಗಳು ಬಂಡೆಯನ್ನು ಮಣ್ಣಾಗಿಸಿ ದಾರಿ ಮಾಡಿಕೊಟ್ಟವು ಎಂದು ಹೇಳುವುದಿತ್ತು. ಮ್ಯಾಥ್ಯೂ ನೆಲ್ಸೆನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಿಲೀಂಧ್ರಗಳ ವೃಕ್ಷವನ್ನೂ ಪಾಚಿಗಳ ವೃಕ್ಷವನ್ನೂ ಕಾಲಕ್ಕೆ ಹೊಂದಿಸಿ ನೋಡಿದರು. ಇಂದು ಬದುಕಿರುವ ಕಲ್ಲುಹೂವುಗಳ ವಂಶಗಳು ನಾಳಸಹಿತ ಸಸ್ಯಗಳು (ಒಳಗೆ ನೀರು ಸಾಗಿಸುವ ನಾಳಗಳಿರುವ ಗಿಡಮರಗಳು) ವಿಕಾಸಗೊಂಡ ನಂತರವೇ ಹುಟ್ಟಿದವು ಎಂಬುದು ಅವರ ತೀರ್ಮಾನ. ಅದಕ್ಕೂ ಹಿಂದೆ ಬದುಕಿ, ವಾರಸುದಾರರನ್ನು ಬಿಡದೆ ಅಳಿದ ಕಲ್ಲುಹೂವುಗಳು ಇದ್ದಿರಲಾರವು ಎಂದು ಡಿಎನ್‌ಎ ಹೇಳಲಾರದು. ಅದಕ್ಕೆ ಪಳೆಯುಳಿಕೆಯೇ ಬೇಕು.

ವಯಸ್ಸನ್ನು ಅಂದಾಜಿಸಲು ಸಾಧ್ಯವಾದ ಮೇಲೆ ಅದನ್ನೇ ವರ್ಗೀಕರಣದ ಅಳತೆಗೋಲಾಗಿಸುವ ಪ್ರಯತ್ನವೂ ನಡೆದಿದೆ. ಮ್ಯಾಡ್ರಿಡ್‌ನಲ್ಲಿ ಕೆಲಸ ಮಾಡುವ ಪ್ರದೀಪ್ ದಿವಾಕರ್ ಮತ್ತು ಸಂಗಡಿಗರು 2017ರಲ್ಲಿ, ಸುಮಾರು 3 ಕೋಟಿ ವರ್ಷಗಳ ಹಿಂದೆ ಕವಲೊಡೆದ ಶಾಖೆಗಳನ್ನು ಕುಲಗಳೆಂದೂ ಹತ್ತು ಕೋಟಿಗೂ ಹೆಚ್ಚು ವರ್ಷ ಹಳೆಯವನ್ನು ಕುಟುಂಬಗಳೆಂದೂ ಕರೆಯುವ ಪದ್ಧತಿಯನ್ನು ಪಾರ್ಮೀಲಿಯೇಸಿಯ ಬಳಗಕ್ಕೆ ಹಚ್ಚಿ ನೋಡಿದರು. ಎಲ್ಲ ಗುಂಪುಗಳಿಗೂ ಒಂದೇ ಮಾನದಂಡವಿರಬೇಕೆಂಬ ಅವರ ಆಶಯ ಒಳ್ಳೆಯದೇ. ಆದರೆ ವಯಸ್ಸಿನ ಅಂದಾಜೇ ಇಷ್ಟು ಅಲುಗಾಡುತ್ತಿರುವಾಗ ಅದರ ಮೇಲೆ ಹೆಸರುಗಳನ್ನು ನಿಲ್ಲಿಸುವುದಕ್ಕೆ ಅನೇಕರು ಆಕ್ಷೇಪಿಸಿದರು, ನನಗೂ ಅವರ ಮಾತೇ ಸರಿಯೆನಿಸುತ್ತದೆ. ಹೆಸರು ಜನ ಬಳಸಲು ಇರುವುದು. ಹೊಸ ಪಳೆಯುಳಿಕೆ ಸಿಕ್ಕಿದಾಗಲೆಲ್ಲ ಅದು ಬದಲಾಗಬಾರದು.

ಶಿಲೀಂಧ್ರದ ವೃಕ್ಷವೂ ಪಾಚಿಯ ವೃಕ್ಷವೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೀವು ಕೇಳಿಲ್ಲವಾದರೂ ನಿಮ್ಮ ಮೂರನೆಯ ಮಾದರಿಯಿಂದಾಗಿ ಅದನ್ನು ಹೇಳಬೇಕಾಗಿದೆ. ಸಾಮಾನ್ಯವಾಗಿ ಹೊಂದುವುದಿಲ್ಲ. ಪುಡಿ ಅಥವಾ ಮೊಳೆಯಾಗಿ ಉದುರುವಾಗ ಎರಡೂ ಜೊತೆಯಾಗಿ ಹೋಗುತ್ತವೆ. ಆದರೆ ಬೀಜಕದಲ್ಲಿ ಶಿಲೀಂಧ್ರ ಒಂಟಿ, ಇಳಿದ ಜಾಗದಲ್ಲಿ ಹೊಸ ಪಾಚಿಯನ್ನು ಹುಡುಕಿಕೊಳ್ಳಬೇಕು. ಹೀಗೆ ತಲೆಮಾರುಗಳಲ್ಲಿ ಪಾಚಿ ಬದಲಾಗುತ್ತಲೇ ಬಂದಿದೆ, ಒಂದೇ ಟ್ರೆಬೂಕ್ಸಿಯವನ್ನು ದೂರದ ಸಂಬಂಧದ ಹಲವು ಶಿಲೀಂಧ್ರಗಳು ಹಂಚಿಕೊಳ್ಳುತ್ತವೆ. ಆದ್ದರಿಂದ ಟ್ರೆಬೂಕ್ಸಿಯದ ಸರಣಿಯಿಂದ ಅಸ್ನಿಯದ ವಿಕಾಸವನ್ನು ಹೇಳಲು ಬಾರದು. ಈ ಕೂಟದಲ್ಲಿ ಮೂರನೆಯವರೂ ಇರಬಹುದೆಂದು 2016ರಲ್ಲಿ ಟೋಬಿ ಸ್ಪ್ರಿಬಿಲ್ ಮತ್ತು ಸಂಗಡಿಗರು ತೋರಿಸಿದರು: ಅಮೆರಿಕದ ಬ್ರಯೋರಿಯ ಎಂಬ ಕಲ್ಲುಹೂವಿನ ಎರಡು ಬಗೆಗಳಲ್ಲಿ, ಒಂದು ವಿಷಕಾರಿ ಹಳದಿ, ಇನ್ನೊಂದು ಕಂದು, ಶಿಲೀಂಧ್ರವೂ ಪಾಚಿಯೂ ಒಂದೇ ಆಗಿದ್ದು, ಹೊರಪದರದಲ್ಲಿದ್ದ ಒಂದು ಯೀಸ್ಟ್ ಹಳದಿಯದರಲ್ಲಿ ಹೆಚ್ಚಾಗಿತ್ತು. ಇದು ಎಲ್ಲ ಕಲ್ಲುಹೂವುಗಳ ನಿಯಮವೇ ಇರಬೇಕೆಂದು ಆಗ ಬಹಳ ಜನ ಭಾವಿಸಿದರು. 2019ರಲ್ಲಿ 339 ಪ್ರಭೇದಗಳ ಡಿಎನ್‌ಎ ಜಾಲಾಡಿದಾಗ ಅಂಥ ಯೀಸ್ಟ್ ಸಿಕ್ಕಿದ್ದು ಕೆಲವೇ ಪ್ರಭೇದಗಳಲ್ಲಿ.

ಇನ್ನು ಮಗಳು ಮುಂದೆ ಮಾಡಬೇಕಾದದ್ದು. ಭಾರತದಿಂದ 2,700ಕ್ಕೂ ಹೆಚ್ಚು ಕಲ್ಲುಹೂವು ಪ್ರಭೇದಗಳು ದಾಖಲಾಗಿವೆ. ಅದರ ಬಹುಭಾಗ ಧರಣಿಧರ ಅವಸ್ಥಿ ಅವರು ಲಖ್ನೋದಲ್ಲಿ ಕಟ್ಟಿದ ಪರಂಪರೆಯ ಮತ್ತು ಪುಣೆಯ ತಜ್ಞರ, ರೂಪ ಮತ್ತು ರಸಾಯನವನ್ನು ನೋಡಿ ಮಾಡಿದ ಶ್ರಮದ ಫಲ. ಡಿಎನ್‌ಎ ಸರಣಿಗಳು ಆ ಸಂಗ್ರಹಗಳಿಗೆ ಜೋಡಿಯಾಗಬೇಕು. ಮಾದರಿಯೇ ಉಳಿಯದೆ ಸರಣಿ ಮಾತ್ರ ದತ್ತಸಂಚಯದಲ್ಲಿ ಉಳಿದರೆ ಮುಂದೆ ಅದನ್ನು ಪರಿಶೀಲಿಸುವ ದಾರಿಯೇ ಮುಚ್ಚಿಹೋಗುತ್ತದೆ. ಪರೀಕ್ಷೆಗೆ ಕೊಟ್ಟು ಮಿಕ್ಕ ತುಂಡುಗಳನ್ನು ನೆರಳಿನಲ್ಲಿ ಒಣಗಿಸಿ, ಪ್ಲಾಸ್ಟಿಕ್ಕಿನಲ್ಲಿ ಹಾಕದೆ, ಕಾಗದದ ಲಕೋಟೆಯಲ್ಲಿ ಬೇರೆ ಬೇರೆಯಾಗಿ ಇಡಲಿ. ಲಕೋಟೆಯ ಮೇಲೆ ಊರು, ಅಕ್ಷಾಂಶ-ರೇಖಾಂಶ, ಎತ್ತರ, ದಿನಾಂಕ, ಯಾವ ಮರ, ನೆಲದಿಂದ ಎಷ್ಟು ಮೇಲೆ, ಬಿಸಿಲೋ ನೆರಳೋ ಎಂಬುದನ್ನು ಬರೆಯಲಿ. ಡಿಎನ್‌ಎ ವರದಿಯ ಸಂಖ್ಯೆ, ಬಳಸಿದ ಪ್ರೈಮರಿನ ಹೆಸರು, ಹನಿ ಪರೀಕ್ಷೆಯ ಬಣ್ಣಗಳನ್ನೂ ಅಲ್ಲಿಯೇ ನಮೂದಿಸಲಿ. ಹಲಸಿನ ಮೇಲಿನದರಿಂದಲೂ ಸಿಲ್ವರ್ ಓಕ್ ಮೇಲಿನದರಿಂದಲೂ ಇನ್ನೂ ಕೆಲವು ಮರಗಳ ಮಾದರಿಗಳನ್ನು ಸೇರಿಸಿಕೊಂಡರೆ ನೂರಕ್ಕೆ ಮೂರರ ಅಂತರ ಮರದಿಂದ ಮರಕ್ಕೂ ಹಾಗೆಯೇ ಉಳಿಯುತ್ತದೆಯೇ ಎಂಬುದು ಗೊತ್ತಾಗುತ್ತದೆ. ನಿಮ್ಮದೇ ತೋಟದ ಮರಗಳಿಂದ ಅಂಗೈಯಗಲದ ತುಂಡು ತೆಗೆದರೆ ಸಾಕು. ಬಾಬಾಬುಡನ್‌ಗಿರಿಯ ಶೋಲಾ ಕಾಡಿಗಾಗಲಿ ಭದ್ರಾ ಅಭಯಾರಣ್ಯಕ್ಕಾಗಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕೈ ಹಾಕಬಾರದು, ಮತ್ತು ಜೀವವೈವಿಧ್ಯ ಕಾಯ್ದೆ ಇರುವುದರಿಂದ ಸಂಶೋಧನೆಗೆಂದು ವಿದೇಶಕ್ಕೆ ಮಾದರಿ ಕಳುಹಿಸಲು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ಪ್ರತಿ ಮಾದರಿಯ ಒಂದು ಪಾಲನ್ನು ಲಖ್ನೋದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆಯ ಅಥವಾ ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯ ಹರ್ಬೇರಿಯಂಗೆ (ಒಣಗಿಸಿದ ಮಾದರಿಗಳ ಸಂಗ್ರಹಾಲಯಕ್ಕೆ), ಮೊದಲು ಪತ್ರ ಬರೆದು ವಿಚಾರಿಸಿ, ಕೊಡಲಿ. ಅಲ್ಲಿ ಸಿಗುವ ಸಂಗ್ರಹ ಸಂಖ್ಯೆಯನ್ನು ಸರಣಿಯ ಜೊತೆ ದತ್ತಸಂಚಯದಲ್ಲಿ ನಮೂದಿಸಿ, ಎರಡನೆಯ ಮಾದರಿಯನ್ನು ಸದ್ಯಕ್ಕೆ 'ಪಾರ್ಮೊಟ್ರೀಮ, ಪ್ರಭೇದ ನಿರ್ಧಾರವಾಗಿಲ್ಲ' ಎಂದಷ್ಟೇ ಬರೆದಿಡಲಿ.